ನೀಲವ್ವನ ದನಿಯಲ್ಲಿ ಒಡಕಿರಲಿಲ್ಲ

ನೀಲವ್ವನ ದನಿಯಲ್ಲಿ ಯಾವ ಒಡಕೂ ಇರಲಿಲ್ಲ. ಒಡಕಿದೆ ಎಂದು ಅವಳಿಗೆ ಹೇಳಿದವನು ನಾನು. ಮೈಕನ್ನು ಹಿಂದುಮುಂದಾಗಿ ನಿಲ್ಲಿಸಿದ್ದೆ — ಆಗಿದ್ದದ್ದು ಅಷ್ಟೇ. ಅದರ ಮುಖ ಗೋಡೆಯ ಕಡೆಗಿತ್ತು, ಬೆನ್ನು ಅವಳ ಕಡೆಗಿತ್ತು. ಇದು ಗೊತ್ತಾದ ಮೇಲೂ ನಾಲ್ಕು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ತಪ್ಪನ್ನು ಹೇಳಿಕೊಳ್ಳುವುದು ಇಷ್ಟೊಂದು ಸಲೀಸು, ನೋಡಿ, ಒಂದು ಸಾಲು ಸಾಕಾಯಿತು. ಮುಚ್ಚಿಟ್ಟದ್ದನ್ನು ಹೇಳುವುದಕ್ಕೆ ಮಾತ್ರ...

ನಾನು ಮೈಸೂರಿನವನು. ಪಂಪು ತಯಾರಿಸುವ ಕಂಪನಿಯೊಂದರಲ್ಲಿ ಇಂಜಿನಿಯರಾಗಿದ್ದು, ನಿವೃತ್ತನಾಗಿ, ಮುಂಬೈಯ ಪವಾಯಿಯಲ್ಲಿ ಹಳೆಯ ಬಿಲ್ಡಿಂಗೊಂದರ ಮೂರನೇ ಮಹಡಿಯಲ್ಲಿ ಹೆಂಡತಿ ವಸುಧಾಳ ಜೊತೆ ಇದ್ದೇನೆ. ನೀಲವ್ವ ವಿಜಯಪುರದ ಕಡೆಯವಳು. ಗಂಡ ಗಾರೆ ಕೆಲಸದವನು. ಬೆಳಗ್ಗೆ ನಮ್ಮ ಮನೆಗೆ ಬಂದು ಅಡುಗೆ ಮಾಡುತ್ತಿದ್ದಳು, ಹಿಟ್ಟು ನಾದುತ್ತಾ ಹಾಡುತ್ತಿದ್ದಳು. ಮದುಮಗಳಿಗೆ ಅರಿಶಿನ ಹಚ್ಚುವಾಗ ಹೇಳುವ ಹಾಡು ಅದು. ಧಾಟಿ ಅವಳ ಅಜ್ಜಿಯದು, ಸಾಲುಗಳಲ್ಲಿ ಹೆಚ್ಚಿನವು ಅವಳವೇ. ಕೊಡ ಹಿಡಿದು ನಳದ ಸರದಿಯಲ್ಲಿ ನಿಂತ ಮದುಮಗಳು, ಮುಹೂರ್ತಕ್ಕೆ ಹೊರಟು ಲೋಕಲ್‌ನಲ್ಲಿ ಸಿಕ್ಕಿಕೊಂಡ ಸೋದರಮಾವ, ಸ್ಟೇಷನ್ನಿನಲ್ಲಿ ಬಳೆ ಕೊಂಡ ನಾದಿನಿ — ಇವರೆಲ್ಲ ಅದರಲ್ಲಿದ್ದರು. ದಪ್ಪ ದನಿ, ಅಂಚಿನಲ್ಲಿ ತುಸು ಗರಗರ. ಅಡುಗೆಮನೆಯಿಂದ ಅದು ಬಂದರೆ ನಾನು ಪೇಪರ್ ಕೆಳಗಿಡುತ್ತಿದ್ದೆ. ನಿಜವಾಗಿಯೂ ಇಡುತ್ತಿದ್ದೆ. ನನ್ನ ಕಿವಿ ಸರಿಯಾಗಿಯೇ ಇತ್ತು ಎನ್ನುವುದಕ್ಕೆ ಇದನ್ನು ಹೇಳುತ್ತಿದ್ದೇನೆ.

ನಾಲ್ಕು ವರ್ಷದ ಹಿಂದೆ ಮಾಟುಂಗದ ನಮ್ಮ ಕನ್ನಡ ಸಂಘದವರು ಮುಂಬೈ ಕನ್ನಡ ಹೆಂಗಸರ ಹಾಡುಗಳನ್ನು ಸಂಗ್ರಹಿಸಿ ಇಂಟರ್ನೆಟ್ಟಿನಲ್ಲಿ ಹಾಕುತ್ತೇವೆ, ಮನೆಯಲ್ಲೇ ರೆಕಾರ್ಡ್ ಮಾಡಿ ಕಳಿಸಿ ಎಂದರು. ನಾನು ಎದೆ ಮುಂದೆ ಮಾಡಿ, "ನೀಲವ್ವನ ಹಾಡು ನಾನು ಕಳಿಸ್ತೀನಿ," ಎಂದೆ. ಚಿಕ್ಕ ಕೋಣೆಯನ್ನು ಸ್ಟುಡಿಯೋ ಮಾಡುವುದೆಂದು ತೀರ್ಮಾನವಾಯಿತು. ಹಳೆಯ ರಜಾಯಿಗಳನ್ನು ಗೋಡೆಗೆ ತೂಗುಹಾಕಿದೆ. ಉಳಿದದ್ದು ಮೈಕು.

ಕೈಗೆಟಕುವ ಬೆಲೆಯಲ್ಲಿ ಹಾಡಿಗೆ ಒಂದು ಮೈಕು ಆರಿಸುವುದು — ಅಯ್ಯೋ, ಆ ಮೂರು ವಾರ! ಒಬ್ಬ ಇದೇ ಬೇಕೆನ್ನುತ್ತಾನೆ, ಇನ್ನೊಬ್ಬ ಅದನ್ನು ಕಸಕ್ಕೆ ಹಾಕಿ ಎನ್ನುತ್ತಾನೆ. ಒಂದು ವಿಡಿಯೋ ಮುಗಿಯುವುದರೊಳಗೆ ಅದಕ್ಕೆ ವಿರುದ್ಧದ್ದು ಮೂರು ಬಂದು ನಿಲ್ಲುತ್ತವೆ. ಎಲ್ಲರೂ ಪಂಡಿತರೇ. ಕೊನೆಗೆ ತಲೆ ಕೆಟ್ಟು ಲ್ಯಾಮಿಂಗ್ಟನ್ ರೋಡಿನ ಅಂಗಡಿಯೊಂದಕ್ಕೆ ಹೋದೆ. ಅಲ್ಲಿನ ಸೇಠ್, ನಮ್ಮನೆ ಎಲ್ಲಿದೆ, ಕೋಣೆಯ ಆಚೆ ಏನಿದೆ ಎಂದೆಲ್ಲ ವಿಚಾರಿಸಿ, "ಘರ್ ಮೇ ಆವಾಜ್ ಜ್ಯಾದಾ ಹೈ ತೋ ಡೈನಾಮಿಕ್ ಲೇ ಜಾವೋ, ಸಾಬ್," ಎಂದ. ಡೈನಾಮಿಕ್ ಮೈಕು ಬಾಯಿಯ ಹತ್ತಿರದ ದನಿಯನ್ನಷ್ಟೇ ಹಿಡಿಯುತ್ತದೆ, ಆಚೀಚಿನ ಗಲಾಟೆಯನ್ನು ಹೆಚ್ಚಾಗಿ ಬಿಟ್ಟುಬಿಡುತ್ತದೆ. ಕಂಡೆನ್ಸರ್ ಬಲು ಸೂಕ್ಷ್ಮ, ಪಕ್ಕದ ಮನೆಯ ಕುಕ್ಕರನ್ನೂ ಬಿಡುವುದಿಲ್ಲ — ಇಷ್ಟನ್ನು ಆತ ತಾಳ್ಮೆಯಿಂದ ವಿವರಿಸಿದ. ನಾನು ಇಂಜಿನಿಯರ್. ಅಂಗಡಿಯವನ ಮಾತು ಕೇಳುತ್ತೇನೆಯೇ? ವಿಡಿಯೋಗಳಲ್ಲಿ ದೊಡ್ಡ ದೊಡ್ಡ ಗಾಯಕರ ಮುಂದೆ ನಿಲ್ಲುವಂಥದ್ದು, ಕಪ್ಪಗೆ ದಪ್ಪಗಿನ ಕಂಡೆನ್ಸರೇ ಬೇಕೆಂದು ಹಟ ಹಿಡಿದು ತಂದೆ. ಡಬ್ಬಿಯೊಳಗೆ ಮಡಿಸಿಟ್ಟ ಸೂಚನೆಯ ಕಾಗದವಿತ್ತು. ಅದನ್ನು ಬಿಡಿಸಲೂ ಇಲ್ಲ.

ನೀಲವ್ವ ಅಂದು ಹಸಿರು ಇಳಕಲ್ ಸೀರೆ ಉಟ್ಟು ಬಂದಿದ್ದಳು. ರೆಕಾರ್ಡಿಂಗಿಗೆ ಸೀರೆ ಯಾಕೆ ಎಂದು ವಸುಧಾ ನಕ್ಕರೆ, "ಇರ್ಲಿ ಬಿಡ್ರಿ ಅಕ್ಕಾರ," ಎಂದು ನಾಚಿದಳು. ಹಾಡಿದಳು. ಹೆಡ್‌ಫೋನಿನಲ್ಲಿ ಕೇಳಿದರೆ — ದೂರದ ಬಾವಿಯೊಳಗಿಂದ ಯಾರೋ ಕೂಗಿದ ಹಾಗೆ. ದನಿ ಏರಿಸಲು ಗುಂಡಿ ತಿರುಗಿಸಿದೆ. ದನಿಗಿಂತ ಮುಂಚೆ ರಸ್ತೆಯ ರಿಕ್ಷಾ ಬಂತು, ಮೇಲಿನ ಮನೆಯ ಡ್ರಿಲ್ಲು ಬಂತು, ಕುಕ್ಕರ್ ಬಂತು. ಮತ್ತೆ ಹಾಡಿಸಿದೆ. ಕಿಟಕಿ ಮುಚ್ಚಿ, ಫ್ಯಾನ್ ನಿಲ್ಲಿಸಿ, ರಜಾಯಿಯ ನಡುವೆ ಬೆವರುತ್ತಾ ಅವಳು ಒಂಬತ್ತು ಸಲ ಹಾಡಿದಳು. ಹಾಗೆ ನಾಲ್ಕು ದಿನ. ನನಗೆ ಸಿಟ್ಟು ನೆತ್ತಿಗೇರಿತ್ತು. ಮೈಕು ಹೊಸದು, ಕೇಬಲ್ ಹೊಸದು, ನಾನು ಇಂಜಿನಿಯರ್. ಹಾಗಾದರೆ ತಪ್ಪು ಯಾರದು? ಕೋಣೆಯಲ್ಲಿ ಉಳಿದವಳು ಅವಳೊಬ್ಬಳೇ.

"ನಿನ್ನ ದನಿಯಲ್ಲೇ ಏನೋ ಒಡಕಿದೆ ನೀಲವ್ವ. ಬರೀ ಕಿವಿಗೆ ಗೊತ್ತಾಗೋಲ್ಲ. ಮೈಕು ಸುಳ್ಳು ಹೇಳೋಲ್ಲ."

ಅವಳು ಸೆರಗಿನಿಂದ ಕತ್ತು ಒರೆಸಿಕೊಂಡಳು. "ಹಂಗಾರ ಇಷ್ಟ್ ವರ್ಷ ಮಂದಿ ಸುಮ್ನ ಕೇಳ್ಯಾರೇನ್ರಿ ಸಾಹೇಬ್ರ?" ಎಂದಳು. ವಾದಕ್ಕಲ್ಲ, ತಿಳಿದುಕೊಳ್ಳಲೆಂದೇ ಕೇಳಿದ್ದು. ನಾನು ಕೇಬಲ್ ಸುತ್ತತೊಡಗಿದೆ.

ಐದಾರು ದಿನ ಕಳೆದಿತ್ತು. ವಸುಧಾ ಕೋಣೆ ಗುಡಿಸಿ, ಮೈಕಿನ ಧೂಳು ಒರೆಸಿ ಇಟ್ಟಿದ್ದಳು. ಬೇಸರದಿಂದಲೇ ಹೆಡ್‌ಫೋನ್ ಹಾಕಿಕೊಂಡು ಕೆಮ್ಮಿದೆ. ಕೆಮ್ಮು ಕಿವಿಯ ಪಕ್ಕದಲ್ಲೇ ಕೇಳಿತು — ದಪ್ಪಗೆ, ತುಂಬಿಕೊಂಡು. "ಏನು ಮಾಡಿದೆ ಇದಕ್ಕೆ?" ಎಂದು ಕೂಗಿದರೆ, "ನಾನೇನೂ ಮಾಡಿಲ್ಲಪ್ಪ, ಒರೆಸಿ ಇಟ್ಟೆ ಅಷ್ಟೆ," ಎಂದಳು. ಒರೆಸುವಾಗ ಮೈಕು ತಿರುಗಿತ್ತು. ಆಗ ಕಾಗದ ಹುಡುಕಿ ಬಿಡಿಸಿದೆ. ಮೊದಲನೇ ಚಿತ್ರದಲ್ಲೇ ಇತ್ತು: ಹೃದಯದ ಆಕಾರದ ಸಣ್ಣ ಗುರುತು ಇರುವ ಕಡೆಯೇ ಮುಖ, ಆ ಕಡೆ ನಿಂತು ಹಾಡಿ. ಒಂದೇ ಸಾಲು. ಓದಲು ಅರ್ಧ ನಿಮಿಷ ಬೇಡ!

ಅದೇ ಹೊತ್ತಿಗೆ ನೀಲವ್ವ ಅಡುಗೆಮನೆಯಲ್ಲಿ ಚಪಾತಿ ಬೇಯಿಸುತ್ತಿದ್ದಳು. ಹಾಡುತ್ತಿರಲಿಲ್ಲ. ಕರೆದರೆ ಹತ್ತು ಹೆಜ್ಜೆ. ಕಳಿಸುವ ಕೊನೆಯ ದಿನಕ್ಕೆ ಇನ್ನೂ ಒಂದು ವಾರವಿತ್ತು. ಕರೆಯಬೇಕೆಂದು ಎದ್ದೆ ಕೂಡ... ಕರೆದರೆ ಏನು ಹೇಳಲಿ? ಮೈಕು ತಿರುಗಿಸಿಟ್ಟಿದ್ದೆ ಎಂದೇ? ಅಡುಗೆಯವಳ ಮುಂದೆ? ಆಗ ನನ್ನ ತಲೆಗೆ ಬಂದದ್ದು ಇದೇ ಪದ, ಅದನ್ನು ಬದಲಿಸಿ ಬರೆಯುವುದಿಲ್ಲ.

ಅವಳು ಮನೆಗೆ ಹೋದ ಮೇಲೆ ವಸುಧಾಳಿಗೆ ಹಾಡಲು ಹೇಳಿದೆ. ಕೇಳಿ ಕೇಳಿ ಅವಳಿಗೂ ಆ ಹಾಡು ಬಾಯಿಗೆ ಬಂದಿತ್ತು. "ನೀಲವ್ವನೇ ಹಾಡಬೇಕಿತ್ತಲ್ವೇನ್ರಿ?" ಎಂದಳು. "ಅವಳ ದನಿ ರೆಕಾರ್ಡಿಂಗಿಗೆ ಆಗೋಲ್ಲ, ನೀನೇ ನೋಡಿದೆಯಲ್ಲ," ಎಂದೆ. ಮೊದಲನೆಯದು ಅಜ್ಞಾನ, ಇದು ಸುಳ್ಳು. ವಸುಧಾಳದು ತೆಳುವಾದ, ಶಾಸ್ತ್ರೀಯವಾಗಿ ತಿದ್ದಿದ ದನಿ. 'ನಳ'ವನ್ನು 'ನಲ್ಲಿ' ಎಂದು ಮಾಡಿಕೊಂಡು ಅಚ್ಚುಕಟ್ಟಾಗಿ ಹಾಡಿದಳು. ಜನಪದ, ಹಾಡಿದವರು ವಸುಧಾ ಎಂದು ಬರೆದು ಕಳಿಸಿದೆ. ಜನಪದವಂತೆ! ಹಾಡು ಕಟ್ಟಿದವಳು ನಮ್ಮ ಸಾರಿಗೆ ಒಗ್ಗರಣೆ ಹಾಕಿ ಹೋಗಿದ್ದಳು.

ಸಂಘದಲ್ಲಿ ವಸುಧಾಳಿಗೆ ಶಾಲು ಹೊದಿಸಿದರು. ಮೈಕಿನ ಸ್ಪಷ್ಟತೆಯ ಬಗ್ಗೆ ನನ್ನನ್ನೂ ಹೊಗಳಿದರು. ನೀಲವ್ವ ಮೊಬೈಲಿನಲ್ಲಿ ಹಾಡನ್ನು ಕೊನೆಯವರೆಗೂ ಕೇಳಿದಳು. "ಅಕ್ಕಾರು ಭಾಳ ಚಂದ ಹಾಡ್ಯಾರ್ರಿ. ನನ್ನ ದನಿಗಿ ಇಷ್ಟ್ ಎಲ್ಲಿ ಬರ್ತಿತ್ರಿ," ಎಂದಳು. ಅವಳಿಗೆ ಹೊಟ್ಟೆಕಿಚ್ಚಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಎರಡು ವರ್ಷದ ನಂತರ ಅವಳ ಹಿರಿಯ ಮಗಳ ಮದುವೆ. ಅವಳ ಮನೆಯಿದ್ದ ಬಸ್ತಿಯ ಅಂಗಳದಲ್ಲಿ ಚಪ್ಪರ ಹಾಕಿದ್ದರು. ನನಗೂ ವಸುಧಾಳಿಗೂ ಮುಂದಿನ ಸಾಲಿನಲ್ಲಿ ಕುರ್ಚಿ. ಅರಿಶಿನ ಹಚ್ಚುವ ಹೊತ್ತಿಗೆ ಹೆಂಗಸರೆಲ್ಲ ನೀಲವ್ವನನ್ನು ಮುತ್ತಿಕೊಂಡರು. ಮುದುಕಿಯೊಬ್ಬಳು, "ನಿನ್ನ ಮಗಳ ಮದಿವ್ಯಾಗ ನೀ ಹಾಡಲಿಲ್ಲಂದ್ರ ಮತ್ಯಾರ್ ಹಾಡಬೇಕ?" ಎಂದು ಗದರಿದಳು.

"ನನ್ನ ದನಿ ಒಡದೈತಿ ಎಕ್ಕಾ. ಮಿಷನ್ದಾಗ ಹಾಕಿ ನೋಡ್ಯಾರ," ಎಂದಳು ನೀಲವ್ವ — ಆಸ್ಪತ್ರೆಯ ರಿಪೋರ್ಟು ಹೇಳುವವಳ ಹಾಗೆ. ಮುದುಕಿ ನಂಬಲಿಲ್ಲ. ಆಗ ಅವಳು ನನ್ನ ಕಡೆ ತಿರುಗಿ, "ಹೌದಲ್ರಿ ಸಾಹೇಬ್ರ?" ಎಂದಳು.

ನಾನು ತಲೆಯಾಡಿಸಿದೆ.

ಹೌದೆಂದು ತಲೆಯಾಡಿಸಿದೆ. ಅಷ್ಟು ಜನರ ನಡುವೆ, ಮದುಮಗಳು ಅರಿಶಿನದಲ್ಲಿ ಕಾದು ಕೂತಿರುವಾಗ. ಯಾರೋ ಮೊಬೈಲನ್ನು ಸ್ಪೀಕರಿಗೆ ಜೋಡಿಸಿ ವಸುಧಾ ಹಾಡಿದ್ದನ್ನು ಹಾಕಿದರು. ನೀಲವ್ವನ ಮಗಳಿಗೆ ನೀಲವ್ವನ ಹಾಡು ನನ್ನ ಹೆಂಡತಿಯ ದನಿಯಲ್ಲಿ ಕೇಳಿತು. ಪಕ್ಕದಲ್ಲಿ ವಸುಧಾ ಸಂಕೋಚದಿಂದ, ಖುಷಿಯಿಂದ ಕೆಂಪಾಗಿದ್ದಳು. ನಾನು ಊಟ ಮಾಡಿ, ಹೋಳಿಗೆಯನ್ನು ಎರಡನೇ ಸಲ ಹಾಕಿಸಿಕೊಂಡು ಮನೆಗೆ ಬಂದೆ.

ಆಮೇಲೆ ನೀಲವ್ವ ಬೇರೆ ಕಾಂಪ್ಲೆಕ್ಸಿನಲ್ಲಿ ಕೆಲಸ ಹಿಡಿದಳು. ನಾನು ಮಾತ್ರ ಸಂಘದಲ್ಲಿ ಮೈಕಿನ ತಜ್ಞನಾಗಿಬಿಟ್ಟಿದ್ದೆ. ಸಾರ್, ಕಮ್ಮಿ ಬೆಲೆಗೆ ಯಾವ ಮೈಕು ಕೊಳ್ಳಲಿ ಎಂದು ಕೇಳಿದವರಿಗೆಲ್ಲ ಉಪದೇಶ — ಮನೆಯಲ್ಲಿ ಗಲಾಟೆಯಿದ್ದರೆ ಡೈನಾಮಿಕ್ ಕೊಳ್ಳಿ, ಬಾಯಿಗೆ ಹತ್ತಿರ ಇಟ್ಟುಕೊಳ್ಳಿ, ಕಂಡೆನ್ಸರಾದರೆ ಗುರುತು ನೋಡಿ ನಿಲ್ಲಿ. ಸೇಠ್ ಹೇಳಿದ್ದನ್ನೇ ನನ್ನದೆಂಬಂತೆ ಹೇಳುತ್ತಿದ್ದೆ. ಇತ್ತೀಚೆಗೆ ಒಬ್ಬಾಕೆ ಫೋನು ಮಾಡಿ, "ನನ್ನ ದನಿಯೇ ಸರಿಯಿಲ್ಲ ಅನ್ಸುತ್ತೆ ಸಾರ್," ಎಂದಳು. "ದನಿಯನ್ನು ದೂರುವ ಮೊದಲು ಮೈಕು ನೋಡಮ್ಮ," ಎಂದೆ. ಎಂದವನಿಗೆ ನನ್ನ ಮೇಲೇ ಹೇಸಿಗೆ ಬಂತು. ಫೋನು ಇಟ್ಟು ನೇರ ನೀಲವ್ವನ ಮನೆಗೆ ನಡೆದೆ.

ಅವಳು ರೊಟ್ಟಿ ಬಡಿಯುತ್ತಿದ್ದಳು. ಕಾಲೇಜಿಗೆ ಹೋಗುವ ಕಿರಿಯ ಮಗಳು ಸ್ಟೂಲು ಕೊಟ್ಟಳು. ನಿಂತೇ ಹೇಳಿದೆ — ಮೈಕು, ಕಾಗದ, ವಸುಧಾಳಿಗೆ ಹೇಳಿದ ಸುಳ್ಳು, ಚಪ್ಪರದಲ್ಲಿ ತಲೆಯಾಡಿಸಿದ್ದು, ಎಲ್ಲ. ನೀಲವ್ವನ ಕೈ ನಿಂತಿತು. ಹೆಂಚಿನ ಮೇಲಿನ ರೊಟ್ಟಿ ಕರಕಾಗುತ್ತಿದ್ದರೂ ತೆಗೆಯಲಿಲ್ಲ. ಮಗಳೇ ಮೊದಲು ಮಾತಾಡಿದ್ದು. "ಅಂಕಲ್, ದೀದಿ ಶಾದಿದಾಗ ನೀವ್ ಅಲ್ಲೇ ಬೈಠಿದ್ರಿ ನಾ? ಮಾಲೂಮ್ ಇದ್ದೂ ಚುಪ್ ಇದ್ರಿ?"

"ಹೌದಮ್ಮ," ಎಂದೆ.

"ಆವತ್ತ ಹೇಳಿದ್ರ ಏನ್ ಹೋಗ್ತಿತ್ರಿ ನಿಮ್ದು?" ಎಂದಳು ನೀಲವ್ವ. ಅವಳು ನನ್ನೊಡನೆ ದನಿ ಏರಿಸಿದ್ದು ಅದೇ ಮೊದಲು. "ಮನ್ಯಾಗ ಒಬ್ಬಾಕೇನ ಇದ್ದಾಗೂ ಹಾಡಾಕ ಬಾಯಿ ಬಿಡ್ತಿರ್ಲಿಲ್ಲರಿ ನಾನು. ನನ್ನ ಕಿವಿಗೇ ಒಡಕು ಕೇಳಾಕ ಹತ್ತಿತ್ತು."

ಮತ್ತೆ ಹಾಡುತ್ತೀಯಾ, ಸರಿಯಾಗಿ ರೆಕಾರ್ಡ್ ಮಾಡೋಣ ಎಂದು ತೊದಲಿದೆ. ಅವಳು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. "ಅಕ್ಕಾರಿಗೆ ಗೊತ್ತೈತೇನ್ರಿ?" ಎಂದಳು.

"ಇಲ್ಲ."

"ಮೊದಲ ಅವ್ರಿಗೆ ಹೇಳ್ರಿ, ಹೋಗ್ರಿ," ಎಂದು ಕರಕಾದ ರೊಟ್ಟಿಯನ್ನು ತೆಗೆದು ಬದಿಗಿಟ್ಟಳು.

ಮನೆಗೆ ಬಂದು ವಸುಧಾಳಿಗೆ ಹೇಳಿದೆ. ಅವಳು ಕೂಗಾಡಲಿಲ್ಲ. ಬೀರುವಿನಿಂದ ಸಂಘದ ಶಾಲನ್ನು ತೆಗೆದು, ಚೀಲಕ್ಕೆ ಹಾಕಿಕೊಂಡು, ಚಪ್ಪಲಿ ಮೆಟ್ಟಿದಳು. ನಾನೂ ಬರುತ್ತೇನೆಂದರೆ, "ನೀವು ಬರಬೇಡಿ," ಎಂದಳು. ಎರಡು ಗಂಟೆ ಬಿಟ್ಟು ಬಂದಾಗ ಚೀಲ ಖಾಲಿಯಿತ್ತು. ಮರುದಿನ ತಾನೇ ಸಂಘಕ್ಕೆ ಬರೆದು ಆ ಹಾಡನ್ನು ತೆಗೆಸಿದಳು. ಕಾರ್ಯದರ್ಶಿಗಳು ನನಗೆ ಫೋನು ಮಾಡಿ, "ಹೋಗ್ಲಿ ಬಿಡಿ ಸಾರ್, ಇದೆಲ್ಲ ಯಾರಿಗೆ ನೆನಪಿರುತ್ತೆ?" ಎಂದರು. ಎಷ್ಟು ಸುಲಭ! ನಾಲ್ಕು ವರ್ಷ ನಾನೂ ಹೀಗೆಯೇ ಅಂದುಕೊಂಡಿದ್ದೆ. ಭಾನುವಾರದ ಸಭೆಯಲ್ಲಿ ನನಗೆ ಹತ್ತು ನಿಮಿಷ ಬೇಕೆಂದು ಕೇಳಿದ್ದೇನೆ. ಇದನ್ನೇ ಓದುತ್ತೇನೆ, ಒಂದು ಸಾಲನ್ನೂ ಬಿಡುವುದಿಲ್ಲ.

ಆ ಎರಡು ಗಂಟೆ ಅವರಿಬ್ಬರೂ ಏನು ಮಾತಾಡಿದರು, ಅಥವಾ ಮಾತೇ ಆಡಲಿಲ್ಲವೋ, ಅಥವಾ ನೀಲವ್ವ ಹಾಡಿದಳೋ — ವಸುಧಾ ಹೇಳಿಲ್ಲ. ನಾನು ಕೇಳಿಲ್ಲ. ಕೇಳುವ ಹಕ್ಕು ನನಗಿಲ್ಲ.