ಒಂದೇ ಕತ್ತರಿಯ ಮೂರು ತೂತು

ರಫೂ ಅಕ್ಕನನ್ನು ನಾನು ಮೊದಲು ಕಂಡದ್ದು ಜಗಳ ತೆಗೆಯಲು ಹೋದಾಗ. ನನ್ನ ಕಪ್ಪು ಕೋಟಿನ ಎಡತೋಳು ಮೊಳೆಗೆ ಸಿಕ್ಕಿ ಎರಡು ಬೆರಳಗಲ ಹರಿದಿತ್ತು. ಅದು ಸಾಮಾನ್ಯ ಕೋಟಲ್ಲ. ಸಭೆಗಳಲ್ಲಿ ನಾನು ಮಾತಾಡಲು ಎದ್ದರೆ ಜನ ಗೌರವ ಕೊಡುವುದು ಆ ಕೋಟಿಗೇ ಹೊರತು ಮಾತಿಗಲ್ಲ ಎಂದು ನನ್ನ ಹೆಂಡತಿ ಬಹಳ ಹಿಂದೆಯೇ ತೀರ್ಪು ಕೊಟ್ಟಿದ್ದಳು. ಎಳೆ ನೇಯ್ದು ತೂತು ಮುಚ್ಚಿಸಲು ಇಸ್ತ್ರಿ ಅಂಗಡಿಯ ಮೂಲಕ ರಫೂಗೆ ಕೊಟ್ಟೆ. ನಾಲ್ಕನೆಯ ದಿನ ಬಂತು. ಎಡತೋಳು ನೋಡಿದೆ, ಬಲತೋಳು ನೋಡಿದೆ, ಒಳಗನ್ನು ಹೊರಗೆ ಮಾಡಿ ಬೆಳಕಿಗೆ ಹಿಡಿದೆ. ತೂತೂ ಇಲ್ಲ, ಹೊಲಿಗೆಯೂ ಇಲ್ಲ. ಯಾರದೋ ಕೋಟನ್ನು ನನಗೆ ದಾಟಿಸಿ ನನ್ನದನ್ನು ನುಂಗಿ ನೀರು ಕುಡಿದಿದ್ದಾರೆ ಎಂದು ಖಾತ್ರಿಯಾಯಿತು.

ಇಸ್ತ್ರಿಯವನು ಹಿಂದಿನ ಕೋಣೆಯತ್ತ ಕೈ ತೋರಿಸಿ ತಪ್ಪಿಸಿಕೊಂಡ. ಅಲ್ಲಿ ಕಿಟಕಿಯ ಕೆಳಗೆ ಗಿಡ್ಡ ಸ್ಟೂಲಿನ ಮೇಲೆ ಐವತ್ತೈದು ದಾಟಿದ ಹೆಂಗಸೊಬ್ಬಳು ಮಡಿಲಲ್ಲಿ ಪ್ಯಾಂಟೊಂದನ್ನು ಹರಡಿಕೊಂಡು ಕೂತಿದ್ದಳು.

"ಇದು ನನ್ನ ಕೋಟಲ್ಲ. ನನ್ನ ಕೋಟಿನಲ್ಲಿ ತೂತಿತ್ತು" ಎಂದೆ, ಸಭೆಯ ಗಂಟಲಿನಲ್ಲಿ.

ಆಕೆ ತಲೆ ಎತ್ತಲಿಲ್ಲ. "ತೂತೇ ಬೇಕಾದ್ರೆ ವಾಪಸ್ ಮಾಡ್ಕೊಡ್ತೀನಿ. ನಾಳೆ ಬಾಪ್ಪ."

ಮೂಲೆಯಲ್ಲಿ ಕೂತಿದ್ದ ಇನ್ನೊಬ್ಬಳು ಎಷ್ಟು ನಕ್ಕಳೆಂದರೆ ಕೈಯಲ್ಲಿದ್ದ ಡಬ್ಬಿ ಜಾರಿ ನೂರಾರು ಗುಂಡಿಗಳು ಕೋಣೆಯ ತುಂಬ ಉರುಳಿದವು. ಮಾನ ಉಳಿಸಿಕೊಂಡು ಹೊರನಡೆಯುವ ದಾರಿಯೂ ಅವುಗಳ ಮೇಲೆಯೇ ಇದ್ದದ್ದರಿಂದ ಮಂಡಿಯೂರಿ ಆರಿಸಿಕೊಟ್ಟೆ. ಆ ಮಧ್ಯಾಹ್ನದ ಕೂಟಕ್ಕೆ ನಾನು ಸೇರಿದ್ದು ಹೀಗೆ, ನಾಲ್ಕು ಕಾಲಿನ ಮೇಲೆ.

ಕೂಟವೆಂದರೆ ಮೂವರು. ರಫೂ ಅಕ್ಕ. ಬೀದಿಯ ಆಚೆ ಬದಿಯಲ್ಲಿ ಗುಂಡಿ, ದಾರ, ಲಾಡಿ ಮಾರುವ ಗುಂಡಿಯಕ್ಕ, ಅಕ್ಕನಿಗೆ ಎಳವೆಯ ಗೆಳತಿ. ಮತ್ತೆ, ನಿವೃತ್ತಿಯಾದ ಮೇಲೂ ಎಲ್ಲರ ಕೈಹಿಡಿದು ನಾಡಿ ನೋಡುವ ಚಟ ಬಿಡದ ನರ್ಸಮ್ಮ. ನರ್ಸಮ್ಮ ಒಂದು ಮಫ್ಲರ್ ಹೆಣೆಯುತ್ತಿದ್ದಳು. ನಾನು ಬಂದ ವರ್ಷವೂ ಅದನ್ನೇ ಹೆಣೆಯುತ್ತಿದ್ದಳು, ಈಗಲೂ ಅದನ್ನೇ. ಮುಗಿದರೆ ಇಲ್ಲಿಗೆ ಬರಲು ನೆಪ ಇರುವುದಿಲ್ಲವಲ್ಲ ಎಂದು ಅದನ್ನು ಆಗಾಗ ತಾನೇ ಬಿಚ್ಚುತ್ತಾಳೆಂದು ಗುಂಡಿಯಕ್ಕ ಹೇಳುತ್ತಿದ್ದಳು.

ಆ ಕೋಣೆಯಲ್ಲಿ ನನಗೆ ಒಂದು ಹೊಸ ಸುಖ ಸಿಕ್ಕಿತು: ಬಾಯಿ ಮುಚ್ಚಿಕೊಂಡು ಬೇರೆಯವರ ಕೈ ನೋಡುವುದು. ಅಕ್ಕ ಬಟ್ಟೆಯ ಒಳಮಡಿಕೆಯಿಂದಲೇ ಎಳೆ ಬಿಡಿಸಿಕೊಳ್ಳುತ್ತಿದ್ದಳು. ಮೊದಲು ಹಾಸು, ಆಮೇಲೆ ಹೊಕ್ಕು. ಒಂದರ ಮೇಲೆ, ಒಂದರ ಕೆಳಗೆ, ಸೂಜಿ ಹೋಗಿ ಬಂದು ಹೋಗಿ ಬಂದು, ಇದ್ದ ತೂತು ಕಣ್ಣೆದುರೇ ಇಲ್ಲವಾಗುತ್ತಿತ್ತು. ಕೊನೆಗೆ ಹೆಬ್ಬೆರಳಿನಿಂದ ಅದನ್ನು ಸವರಿ "ಹ್ಞಾ, ಮಲಗು" ಅನ್ನುತ್ತಿದ್ದಳು, ಮಗುವಿಗೆ ಹೇಳುವ ಹಾಗೆ.

ತೂತಿನ ಅಂಚು ನೋಡಿಯೇ ಅದರ ಹುಟ್ಟು ಹೇಳುವಳು. ಇದು ಮೊಳೆ, ಇದು ನುಸಿ, ಇದು ಇಲಿ. ಒಮ್ಮೆ ಒಬ್ಬ ಗೃಹಸ್ಥ ಹೆಂಡತಿಯ ಜೊತೆ ಬಂದು, "ಬೇಲಿಗೆ ಸಿಕ್ಕಿ ಹರೀತು" ಎಂದ. ಅಕ್ಕ ಅಂಚು ಮುಟ್ಟಿ, "ಬೇಲಿ ಸಿಗರೇಟು ಸೇದ್ತಿತ್ತಾ?" ಎಂದಳು. ಆತ ಮತ್ತೆ ಆ ಬೀದಿಗೆ ಬರಲಿಲ್ಲ.

ಎರಡು ವರ್ಷದ ಹಿಂದೆ ಅಕ್ಕ ಮಾತಾಡುವಾಗ ನಮ್ಮ ಕಿವಿಯ ಕಡೆ ನೋಡತೊಡಗಿದಳು. ನನ್ನ ಮೇಲೇನೋ ಮುನಿಸು ಎಂದುಕೊಂಡೆ. ಜಗತ್ತಿನಲ್ಲಿ ಏನು ನಡೆದರೂ ನನ್ನನ್ನು ಕುರಿತೇ ನಡೆಯುತ್ತದೆಂಬ ನಂಬಿಕೆ ನನಗಿದೆ. ನರ್ಸಮ್ಮ ಮಾತ್ರ ಏನೂ ಕೇಳದೆ ಅವಳನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಕಣ್ಣಿನ ಹಿಂಬದಿಯ ಪರದೆ ನಡುವೆಯೇ ಸವೆಯುತ್ತಿದೆ, ಕನ್ನಡಕ ಹಾಕಿದರೂ ಆಪರೇಶನ್ ಮಾಡಿದರೂ ಆಗುವುದಿಲ್ಲ ಎಂದರಂತೆ ಡಾಕ್ಟರು. ನೇರ ನೋಡಿದರೆ ನಟ್ಟನಡುವೆ ಮಸಿ. ಓರೆಯಾಗಿ ನೋಡಿದರೆ ಒಂದಿಷ್ಟು ಕಾಣುತ್ತದೆ.

"ಪರದೆ ಸವೆದ್ರೆ ರಫೂ ಮಾಡೋರು ಯಾರೂ ಇಲ್ವಂತೆ ಕಣೇ" ಎಂದಳು ಅಕ್ಕ. ಆವತ್ತು ಗುಂಡಿಯಕ್ಕ ನಗಲಿಲ್ಲ.

ಆಮೇಲೆ ಒಬ್ಬ ವಕೀಲರ ಬೂದು ಶಾಲಿಗೆ ನೀಲಿ ಎಳೆ ಬಿತ್ತು. ವಕೀಲರು ಕೋರ್ಟಿನಲ್ಲಿ ಉಳಿಸಿಕೊಂಡಿದ್ದ ದನಿಯನ್ನೆಲ್ಲ ಬೀದಿಯಲ್ಲಿ ಖರ್ಚು ಮಾಡಿದರು. ಸುದ್ದಿಗೆ ಕಾಲು ಬಂತು. ಇಸ್ತ್ರಿಯವನು ಅವಳು ವಾಸವೂ ಇದ್ದ ಆ ಕೋಣೆಯನ್ನೇನೂ ಬಿಡಿಸಲಿಲ್ಲ, ಆದರೆ ಬಟ್ಟೆ ಕೊಡುವುದನ್ನು ನಿಲ್ಲಿಸಿದ. ಅಕ್ಕ ಮಾತ್ರ ದಿನಾ ಕಿಟಕಿಯ ಕೆಳಗೆ ಕೂರುತ್ತಿದ್ದಳು. ಖಾಲಿ ಮಡಿಲಿನ ಮೇಲೆ ಅವಳ ಹೆಬ್ಬೆರಳು ಸುಮ್ಮನೆ ಸವರುತ್ತಿತ್ತು. ಅದನ್ನು ನೋಡಿಕೊಂಡು ಕೂತಿರಲು ನಮಗೆ ಆಗುತ್ತಿರಲಿಲ್ಲ. ಕೈ ನಿಂತರೆ ಅವಳೂ ನಿಲ್ಲುತ್ತಾಳೆ ಎಂದು ನರ್ಸಮ್ಮ ನನ್ನನ್ನು ಹೊರಗೆ ಕರೆದು ಹೇಳಿದಳು.

ಉಪಾಯ ಗುಂಡಿಯಕ್ಕನದು. ನಮ್ಮ ಬಟ್ಟೆಯೇ ಹರಿದರೆ? ಆದರೆ ಹರಿಯಬೇಕಲ್ಲ! ಕಾಯಲು ಪುರುಸೊತ್ತಿರಲಿಲ್ಲ. ಗುಂಡಿಯಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ನಿಂತು, ಅವಳ ಕತ್ತರಿಯಿಂದ ಮೊದಲು ನರ್ಸಮ್ಮನ ಬಿಳಿ ಶಾಲು, ಆಮೇಲೆ ಗುಂಡಿಯಕ್ಕನ ಹಳದಿ ಉಣ್ಣೆಯಂಗಿ ಕತ್ತರಿಸಿದೆವು. ಅಂಚು ಹರಿದಂತೆ ಕಾಣಲಿ ಎಂದು ಉಜ್ಜಿದೆವು ಕೂಡ. ಮೂರನೆಯದು ನನ್ನ ಕೋಟು. ಕತ್ತರಿ ತೋಳಿಗೆ ತಾಕಿದಾಗ ಕಣ್ಣು ಮುಚ್ಚಿಕೊಂಡೆ. ನಾನು ಮಾಡಿದ ತ್ಯಾಗ ಇದೊಂದೇ ಆದ್ದರಿಂದ ದಾಖಲಿಸುತ್ತಿದ್ದೇನೆ.

ಕಾಣದ ಕಣ್ಣಿಗೆ ಏನು ಗೊತ್ತಾಗುತ್ತದೆ ಎಂಬುದು ನಮ್ಮ ಲೆಕ್ಕ.

ಅಕ್ಕ ಮೂರನ್ನೂ ಮಡಿಲಲ್ಲಿಟ್ಟುಕೊಂಡು ಅಂಚುಗಳ ಮೇಲೆ ಬೆರಳಾಡಿಸಿದಳು. ಎರಡೆರಡು ಸಲ.

"ಇದು ಹೇಗಾಯ್ತು?"

"ಮೊಳೆ, ಅಕ್ಕ" ಎಂದೆ.

"ನಿಮ್ಮದು, ನರ್ಸಮ್ಮ?"

"ಬೆಕ್ಕು ಪರಚಿತು."

"ನಿಮ್ಮನೇಲಿ ಬೆಕ್ಕೆಲ್ಲಿದೆ?"

"ಪಕ್ಕದ ಮನೇದು."

"ಲೇ ಗುಂಡಿ, ನಿಂದು?"

ಗುಂಡಿಯಕ್ಕ ಡಬ್ಬಿಯ ಗುಂಡಿಗಳನ್ನು ಎಣಿಸತೊಡಗಿದಳು.

"ಲಾಡಿ ಜೊತೆ ತಂತೀನೂ ಕತ್ತರಿಸಿ ಕತ್ತರಿಸಿ ನಿನ್ನ ಕತ್ತರಿ ಬಾಯಿಗೆ ಕಚ್ಚು ಬಿದ್ದಿದೆ. ನಟ್ಟನಡುವೆ ಒಂದೆಳೆ ಕತ್ತರಿಸದೆ ಅಗಿದುಬಿಡುತ್ತೆ. ಮೊಳೇನೂ ಅಲ್ಲೇ ಅಗಿದಿದೆ, ಬೆಕ್ಕೂ ಅಲ್ಲೇ ಅಗಿದಿದೆ. ಕಣ್ಣು ಹೋಗ್ತಿರೋದು ನಂದು. ಬೆರಳೂ ಹೋಗಿದೆ ಅಂದ್ಕೊಂಡ್ರಾ?"

"ನಿನ್ನ ಕೈಗೆ ಕೆಲಸ ಇರ್ಲಿ ಅಂತ ಕಣೇ..."

"ಜೀವಮಾನ ಎಲ್ಲಾ ತೂತು ಮುಚ್ಕೊಂಡು ಬಂದೋಳು ನಾನು. ನನಗೋಸ್ಕರ ಒಳ್ಳೇ ಬಟ್ಟೆ ಕತ್ತರಿಸಿದ್ರಲ್ಲ, ಹೇಗಾದ್ರೂ ಮನಸ್ಸು ಬಂತು?" ಮೂರನ್ನೂ ಮಡಿಲಿನಿಂದ ಕೆಳಗಿಟ್ಟಳು. "ಹೋಗಿ. ಎಲ್ಲಾರೂ ಹೋಗಿ."

ಬಾಗಿಲು ಎಂಟು ದಿನ ಮುಚ್ಚಿತ್ತು. ಇಸ್ತ್ರಿಯವನು ಒಳಗೆ ಊಟ ಕೊಟ್ಟು ಬರುತ್ತಿದ್ದ. ನಮ್ಮನ್ನು ಮಾತ್ರ ಬಿಡಕೂಡದೆಂದು ಅಪ್ಪಣೆಯಾಗಿತ್ತು. ಗುಂಡಿಯಕ್ಕ ಮಧ್ಯಾಹ್ನ ಅಂಗಡಿ ಮುಚ್ಚಿ ಬಂದು ಆ ಬಾಗಿಲಿನ ಹೊರಗೆ ಸ್ಟೂಲು ಹಾಕಿಕೊಂಡು, ಒಳಗೆ ಕೇಳಿಸಲಿ ಎಂದು ತಟ್ಟೆಯ ಮೇಲೆ ಗುಂಡಿ ಉರುಳಿಸಿ ಆರಿಸುತ್ತಿದ್ದಳು. ಪಕ್ಕದಲ್ಲಿ ನರ್ಸಮ್ಮನ ಮಫ್ಲರ್. ಮಾಡಲು ಏನೂ ಬಾರದ ನಾನು ಗೋಡೆಗೆ ಒರಗಿ ನಿಲ್ಲುತ್ತಿದ್ದೆ. ಯಾರೂ ಕ್ಷಮೆ ಕೇಳಲಿಲ್ಲ. ಯಾರೂ ಮನೆಗೂ ಹೋಗಲಿಲ್ಲ, ಕತ್ತಲಾಗುವವರೆಗೆ. ಆರನೆಯ ದಿನ ಬಾಗಿಲ ಸಂದಿಯಲ್ಲಿ ಕೈಯೊಂದು ಹೊರಬಂತು. "ದಾರದ ಪೆಟ್ಟಿಗೆ ತಾ. ಬೂದು, ಕಂದು ಬೇಡ. ಕಣ್ಣಿಗೆ ಹೊಡೆಯೋ ಬಣ್ಣ ಮಾತ್ರ." ಗುಂಡಿಯಕ್ಕ ಬೀದಿ ದಾಟಿದ್ದನ್ನು ಓಟವೆಂದೇ ಕರೆಯಬೇಕು.

ಒಂಬತ್ತನೆಯ ದಿನ ಬಾಗಿಲು ತೆರೆಯಿತು. ಬಿಳಿ ಶಾಲಿನಲ್ಲಿ ಕಡುನೀಲಿ ರಫೂ, ಹಳದಿ ಅಂಗಿಯಲ್ಲಿ ನೇರಳೆ, ನನ್ನ ಕಪ್ಪು ಕೋಟಿನ ತೋಳಿನಲ್ಲಿ ಕೆಂಡದಂಥ ಕೆಂಪು. ಮೊದಲಿನ ನೇರ ಇರಲಿಲ್ಲ. ಎಳೆಗಳು ಅಲ್ಲಲ್ಲಿ ಒತ್ತಾಗಿ, ಅಲ್ಲಲ್ಲಿ ಸಡಿಲವಾಗಿ ಹೋಗಿದ್ದವು. ಆದರೆ ಎಳೆದು ನೋಡಿದೆ, ಜಗ್ಗಲಿಲ್ಲ. ಗುಂಡಿಯಕ್ಕನ ಕತ್ತರಿಯನ್ನು ಅಕ್ಕ ಇಸಿದುಕೊಂಡು ತನ್ನ ಡ್ರಾಯರಿನಲ್ಲಿಟ್ಟು ಬೀಗ ಹಾಕಿದಳು. "ಇನ್ಮೇಲೆ ಹರಿದಿದ್ರೆ ತನ್ನಿ. ಹರೀದಿದ್ರೆ ಸುಮ್ನೆ ಬನ್ನಿ."

ಈಗ ಗ್ಯಾರೇಜಿನವರ ಪ್ಯಾಂಟಿನ ಮಂಡಿ, ಅಡುಗೆಯವರ ಏಪ್ರನ್ನು, ರಫೂ ಕಂಡರೂ ಚಿಂತೆಯಿಲ್ಲದವರ ಬಟ್ಟೆ ಒಂದೊಂದಾಗಿ ಬರುತ್ತಿವೆ. ಸೂಜಿಗೆ ದಾರ ಪೋಣಿಸಿ ಕೊಡುವುದು ನರ್ಸಮ್ಮ. ಇದೂ ಎಷ್ಟು ದಿನವೋ. ಮಸಿ ದೊಡ್ಡದಾಗುತ್ತಿದೆ ಎಂದು ಅಕ್ಕ ಹೇಳುವುದಿಲ್ಲ. ಅವಳು ತಲೆ ಓರೆ ಮಾಡುವುದು ಹೆಚ್ಚಾಗುತ್ತಿದೆ.

ನಾನು ಕೋಟು ಹಾಕಿಕೊಂಡೇ ಸಭೆಗೆ ಹೋದೆ. ತೋಳಿನ ಕೆಂಪು ನೋಡಿ ಜನ ಕೇಳಿದರು. ಬಿಟ್ಟೇನೆಯೇ? ಇದು ಸ್ನೇಹದ ಬಣ್ಣ, ಗಾಯವನ್ನು ಮರೆಮಾಚದ ಪ್ರಾಮಾಣಿಕತೆ, ಎಂದು ಮುಕ್ಕಾಲು ಗಂಟೆ ಕೊರೆದೆ. ಚಪ್ಪಾಳೆ ಬಿತ್ತು. ಅದರ ಅಮಲಿನಲ್ಲೇ ಮರುದಿನ ಅಕ್ಕನ ಎದುರು ಕೂತು ಎಲ್ಲ ಒಪ್ಪಿಸಿ, ಒಂದು ಸಮ್ಮತಿಗಾಗಿ ಕೇಳಿದೆ:

"ಅಲ್ವಾ ಅಕ್ಕ? ಕಪ್ಪು ಕೋಟಿಗೆ ಕೆಂಪನ್ನೇ ಯಾಕೆ ಆರಿಸಿದೆ, ಅದರ ಒಳಗಿನ ಅರ್ಥ ಏನು?"

ಅಕ್ಕ ನನ್ನ ಕಿವಿಯ ಕಡೆ ನೋಡಿದಳು.

"ಕಪ್ಪು ದಾರ ನನಗೆ ಕಾಣಲ್ಲ ಕಣಪ್ಪ."