ಚರ್ಚು ಉಳಿದ ಭಾನುವಾರ

ನಮ್ಮ ಸೋದರತ್ತೆ ಮದುವೆಯಾಗಿ ಆ ಹಳ್ಳಿಗೆ ಹೋದಾಗಿನಿಂದ ಅಲ್ಲಿನ ಚರ್ಚು ಗುಡಿಸುತ್ತಿದ್ದರು. ಭಾನುವಾರದ ಪೂಜೆಗೆ ಬರುತ್ತಿದ್ದವರು ಬೆರಳೆಣಿಕೆಯಷ್ಟು ಮುದುಕಿಯರು. ಆದರೂ ಅತ್ತೆ ಒಂದು ಬೆಂಚನ್ನೂ ಬಿಡದೆ ಒರೆಸುತ್ತಿದ್ದರು.

"ಯಾರು ಕೂರ್ತಾರೆ ಅಂತ ಇಷ್ಟು ಉಜ್ತೀರಮ್ಮಾ?" ಎಂದು ಫಾದರ್ ಕೇಳಿದರೆ, "ಧೂಳು ಕೂರುತ್ತಲ್ಲ ಫಾದರ್, ಅದಾದ್ರೂ ತಪ್ಪದೆ ಬರುತ್ತೆ" ಎನ್ನುತ್ತಿದ್ದರು.

ಜನರಿಲ್ಲದ ಚರ್ಚನ್ನು ಮುಚ್ಚುವುದೆಂದು ಬಿಷಪ್ ತೀರ್ಮಾನಿಸಿದರು. ಕೊನೆಯ ಪೂಜೆಗೆ ತಾವೇ ಬರುವುದಾಗಿ ಹೇಳಿ ಕಳುಹಿಸಿದರು. ಸುದ್ದಿ ಹಬ್ಬಿದ್ದೇ ತಡ, ಚರ್ಚಿನ ಬಾಗಿಲು ಯಾವ ದಿಕ್ಕಿಗಿದೆ ಎಂಬುದನ್ನೇ ಮರೆತಿದ್ದವರೆಲ್ಲ ಇಸ್ತ್ರಿ ಬಟ್ಟೆ ತೊಟ್ಟು ಬಂದು, ಕಂಬ ತಬ್ಬಿಕೊಂಡು ಅತ್ತರು.

"ಇದು ನಮ್ಮ ಪ್ರಾಣ ಸ್ವಾಮಿ, ಮುಚ್ಚಬೇಡಿ" ಎಂದು ಬೇಡಿಕೊಂಡರು. ಒಳಗೆ ಕೂರಲು ಜಾಗವೇ ಸಿಗದೆ ಅತ್ತೆ ಪೊರಕೆ ಹಿಡಿದು ಹೊರಗೆ ಮೆಟ್ಟಿಲ ಮೇಲೆ ನಿಂತಿದ್ದರು.

ಬಿಷಪ್ಪರ ಮನಸ್ಸು ಕರಗಿ, ಚರ್ಚು ಉಳಿಯಿತು. ಜನ ಕಣ್ಣೊರೆಸಿಕೊಂಡು ಮನೆಗೆ ಹೋದರು.

ಮುಂದಿನ ಭಾನುವಾರ ಫಾದರ್ ಅದೇ ಮುದುಕಿಯರ ಮುಂದೆ ನಿಂತು, ಬಾಗಿಲ ಕಡೆ ನೋಡುತ್ತ ಬಹಳ ಹೊತ್ತು ಕಾದರು. ಕಡೆಗೆ ಅತ್ತೆಯೇ ಹೇಳಿದರು: "ಶುರು ಮಾಡಿ ಫಾದರ್. ಚರ್ಚು ಹೇಗೂ ಉಳೀತಲ್ಲ, ಇನ್ನು ಅವರಿಗೆ ಇಲ್ಲೇನು ಕೆಲಸ?"