ಜಲಜ ಶೆಡ್ತಿಯ ಎರಡು ಬೆರಳು

ಬಾರ್ಕೂರಿನಲ್ಲಿ ಜಲಜ ಶೆಡ್ತಿಯ ಬಾಯಿಗೆ ಹೆದರದವರಿಲ್ಲ. ಬೆಳಿಗ್ಗೆ ಎಂಟೂವರೆಯ ಬಸ್ಸು ಎರಡು ನಿಮಿಷ ಮೊದಲೇ ಹೊರಟಿತೋ, ಕಂಡಕ್ಟರನ ಏಳು ತಲೆಮಾರನ್ನೂ ನಡುರಸ್ತೆಗೆ ಎಳೆದು ಹಾಕುತ್ತಿದ್ದಳು. ಬಸ್ಸಿನಲ್ಲಿ ಹೋಗಬೇಕಾದ್ದು ಅವಳಲ್ಲ, ಅವಳು ಕಟ್ಟಿದ ಮಲ್ಲಿಗೆ. ಗಂಡ ತೀರಿಕೊಂಡು ನಾವುಂದದಿಂದ ತಾಯಿಮನೆಗೆ ಬಂದವಳಿಗೆ ತಾಯಿ ಕುಟುಂಬದ ನಾಗಬನದ ಪಕ್ಕದ, ಬರೀ ಮರಳಿನ ಹೊಯ್ಗೆ ಜಾಗ ಕೊಟ್ಟಿದ್ದಳು. ಹುಲ್ಲೂ ಹುಟ್ಟದ ಜಾಗ ಎಂದು ಅಣ್ಣ ಚಂದಯ್ಯ ನಕ್ಕಿದ್ದ. ಆ ಹೊಯ್ಗೆಗೆ ಬುಟ್ಟಿಗಟ್ಟಲೆ ಸುಡುಮಣ್ಣು, ಗೊಬ್ಬರ ಹೊತ್ತು ಹಾಕಿ ಅರವತ್ತು ಗಿಡ ಎಬ್ಬಿಸಿದಳು. ಅದೇ ಹೂವಿನಲ್ಲಿ ಮಗಳು ಸುಪ್ರೀತಾಳನ್ನು ಓದಿಸಿ, ಮದುವೆ ಮಾಡಿ ಕಳಿಸಿದಳು. ಅಣ್ಣನ ಎದುರು ಒಂದು ದಿನವೂ ಕೈ ಚಾಚಿದವಳಲ್ಲ.

ಇಂಥವಳ ತೋಟಕ್ಕೆ ಆಕಾಶಬಳ್ಳಿ ಬಂತು.

ನೋಡಲು ಏನೂ ಅಲ್ಲ, ಹಳದಿ ನೈಲಾನು ದಾರದ ಹಾಗೆ. ಎಲೆಯಿಲ್ಲ. ಹಕ್ಕಿ ಉದುರಿಸಿದ ಬೀಜ ಮೊಳೆಯುವಾಗ ಮಾತ್ರ ಮಣ್ಣಿನಲ್ಲೊಂದು ಬೇರಿರುತ್ತದೆ. ಮೊಳಕೆ ಗಾಳಿಯಲ್ಲಿ ತಡಕಾಡಿ ಪಕ್ಕದ ಗಿಡವೊಂದನ್ನು ಹಿಡಿಯಿತೆಂದರೆ ಮುಗಿಯಿತು, ಆಮೇಲೆ ಬೇರೂ ಬೇಡ, ಮಣ್ಣೂ ಬೇಡ. ಸುತ್ತಿದಲ್ಲೆಲ್ಲ ಸಣ್ಣ ಸಣ್ಣ ಗಂಟು ಊರುತ್ತದೆ. ಗಂಟು ತೊಗಟೆಯನ್ನು ಸೀಳಿ ಒಳಗಿನ ನೀರು, ಸಾರ ಎಲ್ಲ ಹೀರುತ್ತದೆ. ಕಿತ್ತರೆ ತೊಗಟೆಯೂ ಕಿತ್ತು ಬರುತ್ತದೆ. ಬೆರಳುದ್ದದ ಚೂರು ಉಳಿದರೂ ಸಾಕು, ವಾರದಲ್ಲಿ ಮತ್ತೆ ಕತ್ತು ಹಿಸುಕಲು ಹೊರಡುತ್ತದೆ. ಹಾಳು ಬಳ್ಳಿ! ತಾನೇ ನೆಟ್ಟ ಗಿಡಗಳಲ್ಲಿ ಬಳ್ಳಿ ಹಿಡಿದ ಇಪ್ಪತ್ತೊಂದನ್ನು ಜಲಜ ಒಂದೇ ಬೆಳಿಗ್ಗೆ ಬುಡಸಮೇತ ಕಡಿದು ಬೆಂಕಿಗೆ ಹಾಕಿದಳು. ಮೊಗ್ಗುಗಳು ಬೆಂಕಿಯಲ್ಲಿ ಚಟಪಟ ಸಿಡಿಯುವಾಗ ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು.

ಏಕೆಂದರೆ ಬಳ್ಳಿಯ ಮೂಲ ಅವಳ ತೋಟದಲ್ಲಿರಲಿಲ್ಲ. ಬನದ ಕೇಪಳ, ಸುರಗಿಯ ಗಿಡಮರಗಳೆಲ್ಲ ಹಳದಿ ಬಲೆಯೊಳಗೆ ಒಣಗಿ ನಿಂತಿದ್ದವು. ಅಲ್ಲಿಂದಲೇ ಅದು ಕಲ್ಲಿನ ಗೋಡೆ ಹಾರಿ ಮಲ್ಲಿಗೆಯ ಮೇಲೆ ಬೀಳುತ್ತಿತ್ತು. ಗೋಡೆಯಿಂದೀಚೆಗೆ ಎಷ್ಟು ಕಡಿದರೇನು, ಆಚೆಗೆ ಕಬ್ಬಿಣ ತಾಗಿಸುವಂತಿಲ್ಲವಲ್ಲ! ಮೂವತ್ತು ವರ್ಷ ಮುಂಬಯಿಯಲ್ಲಿ ಹೋಟೆಲು ನಡೆಸಿ ಬಂದ ಚಂದಯ್ಯನೇ ಈಗ ಬನದ ಯಜಮಾನ. ಜಲಜ ಅವನ ಜಗಲಿಗೆ ಹೋದಳು.

"ಅಣ್ಣಯ್ಯ, ಬನದೊಳ್ಗಿನ ಬಳ್ಳಿ ಕೀಳ್ಸು. ಅಲ್ಲಿಂದ್ಲೇ ಬಪ್ದ್ ಅದ್. ಇನ್ನ್ ಒಂದ್ ತಿಂಗ್ಳಿಗೆ ನಂದೊಂದ್ ಗಿಡವೂ ಉಳಿತಿಲ್ಲ."

"ಬನಕ್ಕೆ ಕತ್ತಿ ತಾಗ್ಸೂಕಾಗ ಅಂದೇಳಿ ನಿಂಗೊತ್ತಿಲ್ಯಾ? ಅಲ್ಲಿ ಬೆಳ್ದದ್ದೆಲ್ಲ ನಾಗಂದ್."

"ನಾಗನ ಕೇಪಳವೇ ಸತ್ತ್ ಹೋಯ್ತಲೆ! ಅದ್ ಕಾಂತಿಲ್ಯಾ ನಿಂಗೆ?"

"ಬ್ಯಾಡ ಅಂದ್ಕಂಡ್ರೆ ಅವ್ನೇ ತೆಗಿತ. ನೀನ್ ನಿನ್ನ ಹೂಗಿನ ಬುಡ ಕಂಡ್ಕೋ, ಹೋಗ್."

ದೇವರು ಕೊಟ್ಟರೂ ಪೂಜಾರಿ ಬಿಡ ಎನ್ನುವುದು ಸುಮ್ಮನೆಯೇ? ಮರುದಿನ ಬೆಳಿಗ್ಗೆ ಜಲಜ ತಲೆಗೆ ಮಿಂದು, ಒದ್ದೆ ಸೀರೆಯಲ್ಲೇ ಬನದ ಗೋಡೆ ಹತ್ತಿ ಇಳಿದಳು. ಕತ್ತಿ ಒಯ್ಯಲಿಲ್ಲ. ನಾಗನ ಕಲ್ಲಿಗೆ ಕೈಮುಗಿದು, "ನಿನ್ನ ಮರ ಉಳ್ಸೂಕೇ ಬಂದದ್ದ್, ಸಿಟ್ಟ್ ಮಾಡ್ಬ್ಯಾಡ" ಎಂದಳು. ಆಮೇಲೆ ಬರಿಗೈಯಲ್ಲಿ ಶುರುವಿಟ್ಟುಕೊಂಡಳು. ಎಳೆದಳು, ಹರಿದಳು, ಹರಿಯದ್ದನ್ನು ಹಲ್ಲಿನಲ್ಲಿ ಕಚ್ಚಿ ತುಂಡು ಮಾಡಿದಳು. ಅಂಗೈ ಸುಲಿದು ಬಳ್ಳಿಗೆಲ್ಲ ರಕ್ತ ಮೆತ್ತಿತು. ಸತ್ತ ಕೊಂಬೆಗಳನ್ನು ಬಳ್ಳಿಯ ಸಮೇತ ಮುರಿದು ಗೋಡೆಯಾಚೆ ಒಗೆದಳು. ಬಿಸಿಲೇರುವ ಹೊತ್ತಿಗೆ ಆಳೆತ್ತರದ ರಾಶಿ ಬಿದ್ದಿತ್ತು. ಕೊನೆಯ ಕೇಪಳದ ಗಿಡವೊಂದೇ ಬಾಕಿ.

"ಹ್ವಾಯ್! ಹೊರ್ಗೆ ಬಾ! ಎಂತ ಮಾಡ್ತಿದ್ದೆ ಬನದೊಳ್ಗೆ?" ಚಂದಯ್ಯ ಬಡಿಗೆ ಹಿಡಿದು ಓಡಿ ಬಂದಿದ್ದ.

"ಕತ್ತಿ ತಕಂಡ್ ಬರ್ಲಿಲ್ಲ ಮಾರಾಯ, ಬರಿಗೈ ಕಾಣ್!"

ಅವನು ಅವಳ ಕೈಯತ್ತ ನೋಡಲಿಲ್ಲ. ಗೋಡೆಯ ಮೇಲಿಂದ ಬಾಗಿ ಅವಳ ಜಡೆಗೆ ಕೈ ಹಾಕಿ ಎಳೆದ. ಅವಳ ಹಣೆ ಕಲ್ಲಿಗೆ ಬಡಿದು ಕಣ್ಣಿಗೆ ರಕ್ತ ಇಳಿಯಿತು. ಜಲಜ ಬಿಡುವವಳೇ? ಕೈಯಲ್ಲಿದ್ದ ಬಳ್ಳಿಯ ಉಂಡೆಯನ್ನು ಅವನ ಮುಖಕ್ಕೆ ಅಪ್ಪಳಿಸಿ, ಅವನ ಮಣಿಕಟ್ಟು ಕಚ್ಚಿ ಜಡೆ ಬಿಡಿಸಿಕೊಂಡಳು. ಏರಲೆಂದು ಬಲಗೈಯನ್ನು ಗೋಡೆಯ ಮೇಲೆ ಊರಿದ್ದೇ ತಡ, ಬಡಿಗೆ ಆ ಕೈಯ ಮೇಲೆ ಬಿತ್ತು. ಒಮ್ಮೆಯಲ್ಲ, ಮೂರು ಸಲ. ಎಲುಬು ಮುರಿದ ಸದ್ದು ಅವಳಿಗೇ ಕೇಳಿಸಿತು. ಅಂಗಳದ ತುದಿಯಲ್ಲಿ ಚಂದಯ್ಯನ ಹೆಂಡತಿ ಗಿರಿಜಾ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು.

ಅವನು ಏದುಸಿರು ಬಿಡುತ್ತ ಹೋದ ಮೇಲೆ ಜಲಜ ಎಡಗೈಯಲ್ಲಿ ಕೊನೆಯ ಕೇಪಳವನ್ನೂ ಬಿಡಿಸಿದಳು. ರಾಶಿಯನ್ನು ತೋಟದಂಚಿನ ಬಂಡೆಯ ಮೇಲಕ್ಕೆ ಎಳೆದು ಸುಟ್ಟಳು. ಕೊನೆಯ ಎಳೆ ಬೂದಿಯಾದದ್ದನ್ನು ಕಂಡೇ ಬ್ರಹ್ಮಾವರದ ಆಸ್ಪತ್ರೆಗೆ ಹೊರಟದ್ದು.

ಮೂವತ್ತೊಂಬತ್ತು ಗಿಡ ಉಳಿದವು. ತೋರುಬೆರಳು, ನಡುಬೆರಳು ಉಳಿಯಲಿಲ್ಲ, ಕೊಕ್ಕೆಯ ಹಾಗೆ ಬಾಗಿಯೇ ನಿಂತವು. ಬಾಳೆನಾರಿನಲ್ಲಿ ಹೂ ಕಟ್ಟಲು ಆ ಎರಡು ಬೆರಳೇ ಬೇಕು. ಮೊಗ್ಗು ಕೊಯ್ಯುವಳು, ಕಟ್ಟಲಾರಳು. ಬಿಡಿ ಮೊಗ್ಗನ್ನು ಬಸ್ಸಿಗೆ ಕೊಡುವಾಗ ಈಗ ಕಂಡಕ್ಟರನೇ ಕಾಯುತ್ತಿದ್ದ. ಆ ಕನಿಕರ ಅವಳಿಗೆ ಪೆಟ್ಟಿಗಿಂತ ಹೆಚ್ಚು ಉರಿಯಿತು.

ಅದಕ್ಕಿಂತ ಉರಿದದ್ದು ಊರಿನ ಮಾತು. ಬನಕ್ಕೆ ಕೈ ಹಾಕಿದ್ದಕ್ಕೆ ನಾಗ ಕೈ ಮುರಿದ, ಬೆರಳು ಹೆಡೆಯ ಹಾಗೆ ಬಾಗಿದೆ ನೋಡಿ ಎಂದರು. ಊರ ಬಾಯಿಗೆ ಬೀಗ ಹಾಕುವವರು ಯಾರು? ಜಲಜ ಹೇಳಿದರೆ ನಂಬುವವರಿರಲಿಲ್ಲ, ಹಾಕಬಹುದಾಗಿದ್ದವನು ಚಂದಯ್ಯ ಒಬ್ಬನೇ. ಅವನು ಹೌದೆನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಬದಲಿಗೆ ತಂಗಿಯ ಹೆಸರಿನಲ್ಲಿ ಪ್ರಾಯಶ್ಚಿತ್ತದ ಪೂಜೆ ಇಡಿಸಿ, ಕುಟುಂಬದವರನ್ನೆಲ್ಲ ಕರೆಸಿದ. ತಂಗಿಯ ಮೇಲೆ ಎಂಥ ಪ್ರೀತಿ ಎಂದು ಹೆಂಗಸರು ಕಣ್ಣೊರೆಸಿಕೊಂಡರು.

ಜಲಜ ಬಂದಳು. ಪೂಜೆ ಮುಗಿಸಿ ಭಟ್ಟರು, "ತಪ್ಪಾಯಿತು ಅಂತ ನಾಗನಿಗೆ ಹೇಳಿ ಅಮ್ಮ" ಎಂದರು.

ಜಲಜ ಬಲಗೈಯನ್ನು ಎಲ್ಲರಿಗೂ ಕಾಣುವಂತೆ ಎತ್ತಿದಳು. "ಒಳ್ಗೆ ಬಂದದ್ದ್ ತಪ್ಪಾರೆ ತಪ್ಪಾಯ್ತ್, ನಾಗ. ಆರೆ ಈ ಬೆರಳ್ ಮುರ್ದದ್ ನೀನಲ್ಲ. ಮುರ್ದವ ಇಲ್ಲೇ ನಿಂತಿದ, ಜರಿಶಾಲ್ ಹೊದ್ಕಂಡ್. ಅವ ಮಾಡಿದ್ದನ್ನ ನಿನ್ನ್ ತಲಿಗೆ ಕಟ್ಟೂಕೆ ನಾ ಬಿಡುದಿಲ್ಲ."

"ಬಾಯ್ ಮುಚ್ಚ್!" ಚಂದಯ್ಯ ಅರಚಿದ. "ಕಂಡವ್ರ್ ಯಾರಿದ್ರ್?"

ಜಲಜ ನೆರೆದವರ ಮುಖಗಳನ್ನು ಒಂದೊಂದಾಗಿ ನೋಡಿದಳು. ಅಷ್ಟರಲ್ಲಿ ಹೆಂಗಸರ ಸಾಲಿನಿಂದ ಗಿರಿಜಾ ಎದ್ದು ನಿಂತಳು. ಮದುವೆಯಾಗಿ ಮೂವತ್ತೈದು ವರ್ಷ, ಗಂಡನಿಗೆ ಎದುರು ಒಂದು ಮಾತಾಡಿದವಳಲ್ಲ.

"ನಾನ್ ಕಂಡಿದೆ. ನಮ್ಮನಿಯವ್ರೇ ಹೊಡ್ದದ್, ಮೂರ್ ಪೆಟ್ಟ್. ಬಡಿಗೆಯ ರಕ್ತ ತೊಳ್ದದ್ದ್ ನಾನೇ."

ಚಂದಯ್ಯ ಹೆಂಡತಿಯತ್ತ ಕೈ ಎತ್ತಿದ. ಎತ್ತಿದ ಮೇಲೆ, ಎಲ್ಲಿ ನಿಂತಿದ್ದೇನೆಂಬುದು ಅವನಿಗೆ ನೆನಪಾಯಿತು. ಸೇರಿದ್ದ ಅಷ್ಟೂ ಜನ ಜಲಜಳ ಬೆರಳನ್ನು ಬಿಟ್ಟು ಆ ಕೈಯನ್ನೇ ನೋಡುತ್ತಿದ್ದರು.